ನಕ್ಷೆಯಲ್ಲಿಲ್ಲದ ಬಿರಡೆ

ಆಸಿಡ್ಡಿನ ಹನಿ ಬಿತ್ತು. ಹಕ್ಕಳೆ ಸುಮ್ಮನೆ ಇತ್ತು.

ಇನ್ನೊಂದು ಹನಿ ಬಿಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ನೊರೆ ಏಳಲಿಲ್ಲ, ಚುಂಯ್ ಎನ್ನಲಿಲ್ಲ. ಹನಿ ಗಾಜಿನ ಮೇಲೆ ಕೂತಂತೆ ದುಂಡಗೆ ಕೂತು, ಕಿಟಕಿಯ ಬೆಳಕನ್ನು ನನಗೇ ತಿರುಗಿ ತೋರಿಸಿತು.

"ಏನನ್ನುತ್ತೆ, ನೀರಕ್ಕ?" ಬಾಗಿಲಿಗೆ ಒರಗಿ ನಿಂತಿದ್ದ ಫಿಟ್ಟರಣ್ಣ ಕೇಳಿದ.

"ಏನೂ ಅನ್ನಲ್ಲ."

"ನಮ್ಮನೆಯವಳ ಥರ. ಕೂಗಾಡಿದ್ರೆ ಭಯ ಇಲ್ಲ. ಸುಮ್ಮನಿದ್ದಾಳೆ ಅಂದ್ರೆ ನಾನು ಎಲ್ಲೋ ಸಿಕ್ಕಿಬಿದ್ದಿದೀನಿ ಅಂತ ಲೆಕ್ಕ."

ನಗು ಬರಬೇಕಿತ್ತು. ಬರಲಿಲ್ಲ. ಕಾರ್ಖಾನೆಯ ನೀರು ಪರೀಕ್ಷೆ ಮಾಡುವ ನನ್ನ ಮೇಜಿನ ಮೇಲೆ ಇದ್ದದ್ದು ಎರಡನೆಯ ಬಾಯ್ಲರಿನ ಒಡೆದ ಕೊಳವೆಯಿಂದ ಕಿತ್ತ ಚೂರು. ಹತ್ತು ದಿನದ ಹಿಂದೆ ಆ ಕೊಳವೆ ಸಿಡಿದು, ಬಾಯ್ಲರ್ ನೋಡಿಕೊಳ್ಳುತ್ತಿದ್ದ ಮೂರು ಮಕ್ಕಳ ತಂದೆ ಹಬೆಯಲ್ಲಿ ಬೆಂದು ಸತ್ತ. ಬಾಯ್ಲರ್ ತೊಳೆಯಲು ಬಂದಿದ್ದ ಹಕ್ಕಳೆ ಮೇಸ್ತ್ರಿ ಅದಕ್ಕೂ ಒಂದು ವಾರ ಮೊದಲೇ ಕಾಣೆಯಾಗಿದ್ದರು. ಅರೆಬರೆ ಕೆಲಸ ಮಾಡಿ ಓಡಿಹೋದ ಎಂದು ಊರೇ ತೀರ್ಪು ಕೊಟ್ಟಾಗಿತ್ತು.

ನಾಳೆ ಸೋಮವಾರ. ಬಾಯ್ಲರ್ ಇನ್ಸ್‌ಪೆಕ್ಟರ್ ಬಂದು ಅದನ್ನೇ ಕಾಗದದ ಮೇಲೆ ಬರೆದರೆ ಮುಗಿಯಿತು. ಮೇಸ್ತ್ರಿ ಬದುಕಿರಲಿ ಸತ್ತಿರಲಿ, ಅವರ ಹೆಸರು ಕೊಲೆಗಾರನದಾಗಿ ಉಳಿಯುತ್ತದೆ.

ಹಕ್ಕಳೆ ಎನ್ನುವುದು ಕೊಳವೆಯ ಒಳಗೋಡೆಗೆ ನೀರು ಬಿಟ್ಟುಹೋಗುವ ಕಲ್ಲು. ಕುದಿಯುವ ನೀರು ಹಬೆಯಾಗಿ ಹೊರಟುಹೋಗುತ್ತದೆ, ತನ್ನಲ್ಲಿ ಕರಗಿದ್ದದ್ದನ್ನೆಲ್ಲ ಹಿಂದೆ ಬಿಡುತ್ತದೆ. ಅದು ಗಾಯದ ಹಕ್ಕಳೆಯ ಹಾಗೆ ಪದರ ಪದರವಾಗಿ ಗಟ್ಟಿಯಾಗುತ್ತದೆ. ಕಾಲು ಅಂಗುಲ ಬೆಳೆದರೆ ಬೆಂಕಿಯ ಬಿಸಿ ನೀರಿಗೆ ತಲುಪುವುದಿಲ್ಲ. ಕೊಳವೆ ತಾನೇ ಕೆಂಪಗೆ ಕಾದು, ಮೆತ್ತಗಾಗಿ, ಒಂದು ದಿನ ಬಾಯಿ ಬಿಡುತ್ತದೆ.

ಹಕ್ಕಳೆಯಲ್ಲಿ ಎರಡು ಜಾತಿ ಎಂದು ಮೇಸ್ತ್ರಿ ಹೇಳುತ್ತಿದ್ದರು. ಸುಣ್ಣದ್ದು ಮಾತಾಡುವ ಹಕ್ಕಳೆ: ಆಸಿಡ್ ತಾಗಿದರೆ ಸಾಕು, ಚುಂಯ್ಗುಟ್ಟಿ ತನ್ನ ಕಥೆಯನ್ನೆಲ್ಲ ಹೇಳಿ ಕರಗಿಹೋಗುತ್ತದೆ. ಮರಳಿನ ಅಂಶದ್ದು ಮೂಕ ಹಕ್ಕಳೆ. ನಾವು ಬಳಸುವ ಆಸಿಡ್ಡನ್ನು ಎಷ್ಟು ಸುರಿದರೂ ಅದು ಬಾಯಿ ಬಿಡುವುದಿಲ್ಲ, ಅದಕ್ಕೆ ಬೇರೆಯೇ ಔಷಧಿ ಬೇಕು.

ನನ್ನ ಮೇಜಿನ ಮೇಲಿದ್ದದ್ದು ಮೂಕ ಹಕ್ಕಳೆ.

"ಇದನ್ನ ನೋಡು," ಎಂದು ಫಿಟ್ಟರಣ್ಣನ ಮುಂದೆ ಒಂದು ಹಾಳೆ ಇಟ್ಟೆ. ಆ ಗುರುವಾರ ಬಾಯ್ಲರಿಗೆ ಆಸಿಡ್ ಬಿಟ್ಟು ಸುತ್ತಿಸಿದ ದಾಖಲೆ. ಅರ್ಧ ಗಂಟೆಗೊಮ್ಮೆ ಆಸಿಡ್ಡಿನ ಬಲ ಅಳೆದು ಬರೆದದ್ದು. ಬೆಳಗ್ಗೆ ಎಂಟಕ್ಕೆ ಶೇಕಡಾ ಐದು. ಎಂಟೂವರೆಗೆ ನಾಲ್ಕೂವರೆ. ಮಧ್ಯಾಹ್ನ ಎರಡರ ಹೊತ್ತಿಗೆ ಎರಡು. ಆಮೇಲೆ ಇಳಿದಿಲ್ಲ.

"ಸರಿಯಾಗೇ ಇದೆಯಲ್ಲ. ಹಕ್ಕಳೆ ತಿಂದೂ ತಿಂದೂ ಆಸಿಡ್ಡಿನ ಶಕ್ತಿ ಇಳೀತು. ಹಕ್ಕಳೆ ಮುಗೀತು, ಇಳಿಯೋದು ನಿಂತಿತು."

"ಯಾವ ಹಕ್ಕಳೆ ತಿಂತು?"

ಅವನು ಚೂರನ್ನು ನೋಡಿದ. ಅದರ ಮೇಲೆ ಇನ್ನೂ ದುಂಡಗೆ ಕೂತಿದ್ದ ಹನಿಯನ್ನು ನೋಡಿದ.

"ಹಲ್ಲಿಲ್ಲದೋನು ಕಬ್ಬಿಣದ ಕಡಲೆ ತಿಂದು ಮುಗಿಸಿದ ಹಾಗಾಯ್ತಲ್ಲ ಇದು!"

"ಹೌದು. ಈ ದಾಖಲೆ ಬರೆದವರಿಗೆ ಮೂಕ ಹಕ್ಕಳೆ ವಿಷಯ ಗೊತ್ತಿಲ್ಲ. ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಹೊಸ ಬೋರ್‌ವೆಲ್ ನೀರು ಬಂದಾಗಲೇ ನಾವಿಬ್ಬರೂ ಈ ಮಾತು ಆಡಿದ್ವಿ. ಗುರುವಾರ ನೀನು ಎಲ್ಲಿದ್ದೆ?"

"ಮನೇಲಿ. ಆಸಿಡ್ಡಿನ ಹೊಗೆ ಇರುತ್ತೆ, ಯಾರೂ ಬರಬೇಡಿ ಅಂತ ಚೀಫ್ ರಜೆ ಕೊಟ್ರು." ಹಾಳೆಯ ಕೆಳತುದಿಯನ್ನು ಬೆರಳಿನಿಂದ ಮುಟ್ಟದೆ ತೋರಿಸಿದ. "ನೀರಕ್ಕ, ಇಲ್ಲಿ ರುಜು ನಿಮ್ಮದೇ ಅಲ್ವಾ?"

ನನ್ನದೇ.

ಆ ವಾರ ಅಕ್ಕನಿಗೆ ತಲೆಸುತ್ತು. ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ನಾಲ್ಕು ದಿನ ಮನೆಯಲ್ಲಿದ್ದು ನೋಡಿಕೋ ಎಂದು ಭಾವ ಹೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಮೇಸ್ತ್ರಿ ಬಂದಾಗ ನಾನು ಕಾರ್ಖಾನೆಯಲ್ಲಿ ಇಲ್ಲದೇ ಇದ್ದದ್ದು ಅದೇ ಮೊದಲು. ಶುಕ್ರವಾರ ಬೆಳಗ್ಗೆ ಭಾವ ಊಟದ ಮೇಜಿನ ಮೇಲೆ ಈ ಹಾಳೆ ಇಟ್ಟರು. ಅಕ್ಕನ ಗಂಜಿ ಒಲೆಯ ಮೇಲಿತ್ತು, ಉಕ್ಕುತ್ತಿತ್ತು. ಓದದೆ ರುಜು ಹಾಕಿದೆ.

ಭಾವನೇ ಇಲ್ಲಿಯ ಚೀಫ್. ಯಂತ್ರಗಳೆಲ್ಲ ಅವರ ಕೈಕೆಳಗೆ. ನನಗೆ ಈ ಕೆಲಸ ಕೊಡಿಸಿದವರೂ ಅವರೇ, ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟವರೂ ಅವರೇ. ಒಂದು ಮಂಚ, ಒಂದು ಕಿಟಕಿ, ಒಂದು ಲೋಟ. ನನ್ನವರು ಎಂದು ಹೇಳಿಕೊಳ್ಳಲು ನನಗಿರುವುದು ಆ ಮನೆಯೊಂದೇ. ಈ ಮೂಕ ಹಕ್ಕಳೆಯನ್ನು ಇನ್ಸ್‌ಪೆಕ್ಟರ್ ಮುಂದೆ ಇಟ್ಟ ದಿನ ಅದೂ ಇರುವುದಿಲ್ಲ.

"ಎಕ್ಸ್‌ಚೇಂಜರ್ ತೆಗಿ," ಎಂದೆ.

"ಚೀಫ್‌ಗೆ ಹೇಳದೇನೇ?"

"ಮೇಸ್ತ್ರಿ ಮೊದಲು ತೊಳೆಯೋದು ಅದನ್ನೇ ಅಲ್ವಾ? ಅವರು ಆ ವಾರ ಹೇಗೆ ಕೆಲಸ ಮಾಡಿದ್ರು ಅಂತ ಅದರ ಹೊಟ್ಟೆ ನೋಡಿದ್ರೆ ಗೊತ್ತಾಗುತ್ತೆ."

ಫಿಟ್ಟರಣ್ಣ ಸ್ಪ್ಯಾನರ್ ಹೆಗಲಿಗೇರಿಸಿದ. "ನಾನು ನಿವೃತ್ತಿ ಆಗೋಕೆ ನಾಲ್ಕು ತಿಂಗಳಿದೆ. ಬೈದ್ರೆ ನಾಲ್ಕೇ ತಿಂಗಳು ಬೈಬಹುದು. ನಡೀರಿ."

*

ಭಾನುವಾರದ ಕಾರ್ಖಾನೆಗೆ ಬೇರೆಯೇ ಸದ್ದು. ಬಟ್ಟೆಗೆ ಬಣ್ಣ ಹಾಕುವ ತೊಟ್ಟಿಗಳು ಖಾಲಿ, ಹಬೆಯ ಕೊಳವೆಗಳು ತಣ್ಣಗೆ. ನಮ್ಮ ಚಪ್ಪಲಿಯ ಸದ್ದು ನಮಗಿಂತ ಮೊದಲೇ ಹೋಗಿ ಗೋಡೆಗೆ ತಾಗಿ ಹಿಂದಿರುಗುತ್ತಿತ್ತು.

ಎಕ್ಸ್‌ಚೇಂಜರ್ ಅಂದರೆ ಒಂದು ದಪ್ಪ ಉರುಳೆ. ಅದರ ಹೊಟ್ಟೆಯಲ್ಲಿ ನೂರ ಎಂಬತ್ತೆಂಟು ಸಣ್ಣ ಕೊಳವೆಗಳು. ಕೊಳವೆಗಳ ಒಳಗೆ ತಣ್ಣೀರು, ಹೊರಗೆ ಬಿಸಿನೀರು. ಒಂದರ ಬಿಸಿ ಇನ್ನೊಂದಕ್ಕೆ ಹೋಗುತ್ತದೆ. ನೀರು ಮಾತ್ರ ಒಂದಕ್ಕೊಂದು ಎಂದೂ ಸೇರುವುದಿಲ್ಲ.

ಮೇಸ್ತ್ರಿಯ ಜೊತೆ ನನ್ನ ಪರಿಚಯವೂ ಅಷ್ಟೇ. ವರ್ಷಕ್ಕೆ ನಾಲ್ಕು ದಿನ. ನಾನು ಮಾದರಿ ಅಳೆಯುವುದು, ಅವರು ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುವುದು. "ಏನನ್ನುತ್ತೆ ಆಸಿಡ್ಡು?" ಎಂದು ಕೇಳುತ್ತಿದ್ದರು. "ಇನ್ನೂ ಹಸಿವಿದೆಯಂತೆ," ಎನ್ನುತ್ತಿದ್ದೆ. ಅವರ ಹೆಂಡತಿ ತೀರಿಕೊಂಡ ವರ್ಷ ಅವರು ಅದನ್ನೂ ಕೇಳಲಿಲ್ಲ. ಮರುವರ್ಷ ಮತ್ತೆ ಕೇಳಿದರು. ಎಷ್ಟು ಸಮಾಧಾನವಾಯಿತೆಂದರೆ ಆ ಸಲದ ಮಾದರಿಯನ್ನು ಎರಡು ಸಲ ಅಳೆಯಬೇಕಾಯಿತು. ಮಿಕ್ಕ ಮುನ್ನೂರ ಅರವತ್ತೊಂದು ದಿನ ಅವರು ಯಾವ ಊರಿನ ಯಾವ ಬಾಯ್ಲರಿನ ಪಕ್ಕ ಕೂತಿರುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಕೇಳುವ ಹಕ್ಕು ಇದೆ ಎಂದೂ ಅನ್ನಿಸಿರಲಿಲ್ಲ.

ಕೊನೆಯ ನಟ್ಟು ಬಿಟ್ಟಿತು. ಇಬ್ಬರೂ ಸೇರಿ ಮುಚ್ಚಳ ಸರಿಸಿದೆವು. ಟಾರ್ಚ್ ಬಿಟ್ಟೆ.

ಕೊಳವೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಒಂದೊಂದನ್ನೂ ಬ್ರಷ್ ಹಾಕಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಿದ ಕೈ. ಓಡಿಹೋಗುವ ಮನುಷ್ಯ ಹೀಗೆ ತಿಕ್ಕುವುದಿಲ್ಲ.

"ಚಿನ್ನದಂಥ ಕೆಲಸ," ಫಿಟ್ಟರಣ್ಣ ಮೆಲ್ಲಗೆ ಹೇಳಿದ. "ಬುಧವಾರ ಮಧ್ಯಾಹ್ನ ಮುಚ್ಚಿದ್ವಿ. ಈ ಕಡೆ ಮುಚ್ಚಳ ಅವರು ಹಾಕಿದ್ರು, ಆ ಕಡೇದು ನಾನು."

ಚೀಲದಿಂದ ನಕ್ಷೆ ತೆಗೆದೆ. ಸೋರುವ ಕೊಳವೆಗೆ ಎರಡೂ ತುದಿಯಲ್ಲಿ ಲೋಹದ ಬಿರಡೆ ಹೊಡೆದು ಅದನ್ನು ಕೆಲಸದಿಂದ ತೆಗೆಯುತ್ತೇವೆ. ಯಾವ ಕೊಳವೆಗೆ ಬಿರಡೆ ಬಿತ್ತೋ ನಕ್ಷೆಯಲ್ಲಿ ಆ ಸೊನ್ನೆಗೆ ಕಪ್ಪು ತುಂಬುತ್ತೇನೆ. ಇದು ನಾನೇ ಮಾಡಿಕೊಂಡ ಪದ್ಧತಿ. ಬೇರೆ ಯಾರೂ ಈ ಹಾಳೆ ಕೇಳಿದ್ದಿಲ್ಲ. ನೂರ ಎಂಬತ್ತೆಂಟು ಸೊನ್ನೆ, ಒಂಬತ್ತು ಕಪ್ಪು.

ಎಣಿಸಿದೆ. ಬೆರಳಿಟ್ಟು ಇನ್ನೊಮ್ಮೆ ಎಣಿಸಿದೆ.

"ಫಿಟ್ಟರಣ್ಣ, ಬಿರಡೆ ಹತ್ತಿದೆ."

"ಇರುತ್ತೆ ಬಿಡಿ, ಮೇಸ್ತ್ರಿ ಒಂದು ಸೋರಿಕೆ ಕಂಡು ಹೊಡೆದಿರ್ತಾರೆ."

"ನನಗೆ ಹೇಳದೆ ಹೊಡೆಯೋರಲ್ಲ. ಮಿಕ್ಕಿದ್ದೆಲ್ಲ ಉಕ್ಕಿಂದು, ಇದು ಹಿತ್ತಾಳೆದು. ಸುತ್ತಿಗೆ ಗುರುತೂ ಇಲ್ಲ, ಕೈಯಲ್ಲಿ ಒತ್ತಿ ತಿರುಗಿಸಿ ಕೂರಿಸಿದಾರೆ. ಬಿಗಿಯೋಕಲ್ಲ, ತೆಗೆಯೋಕೆ ಅಂತ ಹಾಕಿದ ಹಾಗಿದೆ. ನೀನು ಆ ಕಡೆ ಮುಚ್ಚುವಾಗ ನೋಡಲಿಲ್ವಾ?"

"ನಾನು ನಟ್ಟು ನೋಡ್ತೀನಿ, ನೀರಕ್ಕ. ಬಿರಡೆ ಎಣಿಸೋದಕ್ಕೆ ನನಗೇನು ತಲೆ ಕೆಟ್ಟಿದ್ಯಾ? ಊರಲ್ಲಿ ಅದನ್ನ ಎಣಿಸೋರು ನೀವೊಬ್ರೇ."

ನಾನು ಬಿರಡೆಯತ್ತ ಕೈ ಚಾಚಿದೆ. ಫಿಟ್ಟರಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಎದುರಿಗೆ ನಿಲ್ಲಬೇಡಿ. ಒಳಗೆ ಒತ್ತಡ ಸಿಕ್ಕಿಕೊಂಡಿದ್ರೆ ಗುಂಡು ಹಾರಿದ ಹಾಗೆ ಹಾರುತ್ತೆ."

"ಏನೂ ಹಾರೋದು ಬೇಡ," ಎಂದಿತು ಹಿಂದಿನಿಂದ ಒಂದು ದನಿ. "ಮುಚ್ಚಳ ಹಾಕು."

ಭಾವ ಬಾಗಿಲಲ್ಲಿ ನಿಂತಿದ್ದರು.

*

ಭಾನುವಾರದ ಅಂಗಿಯಲ್ಲಿದ್ದರು, ಮೇಲಿನ ಗುಂಡಿ ತಪ್ಪಾಗಿ ಹಾಕಿತ್ತು. ಗೇಟಿನವನು ಫೋನ್ ಮಾಡಿರಬೇಕು. ಈ ಹತ್ತು ದಿನದಲ್ಲಿ ಅವರು ಹತ್ತು ವರ್ಷ ಹೆಚ್ಚಿಸಿಕೊಂಡಿದ್ದರು.

"ನೀನು ಹೋಗಿ ಟೀ ಕುಡಿದು ಬಾ," ಎಂದರು ಫಿಟ್ಟರಣ್ಣನಿಗೆ.

"ಈಗಷ್ಟೇ ಕುಡಿದೆ, ಚೀಫ್."

"ಇನ್ನೊಂದು ಕುಡಿ."

"ಡಾಕ್ಟ್ರು ದಿನಕ್ಕೆ ಒಂದೇ ಅಂದಿದಾರೆ."

"ಅವನು ಇರಲಿ, ಭಾವ," ಎಂದೆ.

ಭಾವ ನನ್ನ ಕೈಯಲ್ಲಿದ್ದ ನಕ್ಷೆ ನೋಡಿದರು. "ನಿನಗೆ ಯಾಕಮ್ಮಾ ಇದೆಲ್ಲ? ನಾಳೆ ಅವರು ಬರ್ತಾರೆ, ನೋಡ್ತಾರೆ, ಬರೀತಾರೆ. ಮುಗಿದು ಹೋಗುತ್ತೆ."

"ಗುರುವಾರ ಬಾಯ್ಲರಿಗೆ ಆಸಿಡ್ ಬಿಟ್ಟವರು ಯಾರು?"

"ಮೇಸ್ತ್ರಿ. ಇನ್ಯಾರು? ಬಿಟ್ಟ, ಅಳೆದ, ಸಂಜೆ ಮಾಯ ಆದ."

"ಅಳೆಯೋದು ಅವರಿಗೆ ಬರಲ್ಲ, ಭಾವ. ಇಪ್ಪತ್ತೆರಡು ವರ್ಷವೂ ಅಳೆದದ್ದು ನಾನು."

"ಆಗ ನಾನು ಅಳೆದೆ ಅಂತಿಟ್ಕೋ."

"ಆ ಹಕ್ಕಳೆಗೆ ಈ ಆಸಿಡ್ ಹತ್ತೋದೇ ಇಲ್ಲ. ಐದಕ್ಕೆ ಹಾಕಿದ್ರೆ ಸಂಜೆಗೂ ಐದೇ ಇರಬೇಕಿತ್ತು. ನೀವು ಎರಡಕ್ಕೆ ಇಳಿಸಿಬಿಟ್ಟಿದೀರಿ. ಹಳೆ ವರ್ಷದ್ದು ನೋಡಿ ಬರೆದ್ರಾ?"

ಭಾವ ಪಂಪಿನ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತರು. ಮೇಸ್ತ್ರಿ ಕೂರುತ್ತಿದ್ದ ಸ್ಟೂಲು. ನನಗೆ ಏಳಿ ಎಂದು ಕೂಗಬೇಕೆನಿಸಿತು.

"ಬಾಯ್ಲರ್ ತೊಳೆಯಲಿಲ್ಲ," ಎಂದರು ಕೊನೆಗೆ. "ಶುಕ್ರವಾರ ಬೆಂಕಿ ಹಾಕಲೇಬೇಕಿತ್ತು. ಹಾಕಿಸಿದೆ. ಇನ್ನೊಂದು ವರ್ಷ ಎಳೆಯುತ್ತೆ ಅಂದ್ಕೊಂಡೆ. ಆರು ದಿನಾನೂ ಎಳೀಲಿಲ್ಲ. ಸತ್ತವನ ಮನೆಗೆ ನಾನೇ ಹೋಗಿ ಸುದ್ದಿ ಹೇಳಿದೆ ಗೊತ್ತಾ? ಅವನ ಹೆಂಡತಿ ಕೂತ್ಕೊಳ್ಳಿ ಅಂತ ಕುರ್ಚಿ ಒರೆಸಿದಳು."

ಫಿಟ್ಟರಣ್ಣ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಮೇಸ್ತ್ರಿ ಎಲ್ಲಿ, ಭಾವ?"

"ನನ್ನ ಕೇಳ್ತೀಯಾ?" ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ ನನಗೆ ಅರ್ಥವಾಗಲಿಲ್ಲ. ತಪ್ಪು ಸಿಕ್ಕಿಬಿದ್ದವರ ನೋಟವಲ್ಲ ಅದು. ಕಾಯಿಲೆಯವರ ಹಾಸಿಗೆಯ ಪಕ್ಕ ಕೂತವರ ನೋಟ. "ನೀನು ನನ್ನ ಕೇಳ್ತಿದ್ದೀಯಾ?"

"ಮತ್ತೆ ಯಾರನ್ನ ಕೇಳಲಿ?"

"ಮುಚ್ಚಳ ಹಾಕು, ಸಾಕು."

"ಈ ಬಿರಡೆ ನೀವು ಹಾಕಿಸಿದ್ದಾ?"

"ಯಾವ ಬಿರಡೆ?"

ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಲವತ್ತು ವರ್ಷ ಒಂದೇ ಮನೆಯಲ್ಲಿ ಉಂಡವಳಿಗೆ ಅಷ್ಟು ತಿಳಿಯುತ್ತದೆ. ನಾನು ಫಿಟ್ಟರಣ್ಣನಿಗೆ ತಲೆಯಾಡಿಸಿದೆ.

ಅವನು ಪಕ್ಕದಲ್ಲಿ ನಿಂತು, ಇಕ್ಕಳದಲ್ಲಿ ಹಿತ್ತಾಳೆಯ ಬಿರಡೆ ಹಿಡಿದು, ಬಾಟಲಿಯ ಮುಚ್ಚಳದಂತೆ ಅತ್ತಿತ್ತ ತಿರುಗಿಸಿದ. ಫುಸ್ಸೆಂದು ಚೂರು ಗಾಳಿ ಹೊರಬಂತು. ಮತ್ತೇನೂ ಆಗಲಿಲ್ಲ. ಬಿರಡೆಯ ಸುತ್ತ ಬಟ್ಟೆಯಷ್ಟು ತೆಳುವಾದ ರಬ್ಬರ್ ಸುತ್ತಿತ್ತು. ತಂತಿಯ ಕೊಕ್ಕೆ ಬಿಟ್ಟು ಎಳೆದಾಗ ಕೊಳವೆಯಿಂದ ಒಂದು ಸಣ್ಣ ಸುರುಳಿ ಜಾರಿ ಬಂತು. ಸೈಕಲ್ ಟ್ಯೂಬಿನ ತುಂಡು, ಎರಡೂ ಕಡೆ ದಾರ ಕಟ್ಟಿದ್ದು.

ಒಳಗೆ ಕಾಗದ. ಆರು ದಿನ ಬಿಸಿನೀರಿನ ನಡುವೆ ಇದ್ದು ಕಂದಿತ್ತು, ಆದರೆ ನೆನೆದಿರಲಿಲ್ಲ. ಕೆಂಪು ಗೆರೆಯ ಉದ್ದನೆಯ ಹಾಳೆ. ಒಂದು ಕಡೆ ಪೆನ್ನಿನಲ್ಲಿ ನಾಲ್ಕು ಸಾಲು.

*ಕೆಲಸ ನಿಲ್ಲಿಸು. ಇವತ್ತು ನಾಲ್ಕಕ್ಕೆ ಹಳೆ ಪಂಪ್‌ಹೌಸಿಗೆ ಬಾ. ನಿನಗೆ ಒಂದು ಮಾತು ಹೇಳುವುದಿದೆ. ಯಾರಿಗೂ ಹೇಳಬೇಡ.*

ಹೆಸರಿರಲಿಲ್ಲ. ಅಕ್ಷರ ನನ್ನದಾಗಿತ್ತು.

ನಾನು ಬರೆದಿರಲಿಲ್ಲ.

ಹಾಳೆ ತಿರುಗಿಸಿದೆ. ಹಿಂದೆ ಪೆನ್ಸಿಲಿನಲ್ಲಿ, ಬರೆದು ಅಭ್ಯಾಸವಿಲ್ಲದ ಕೈಯ ದಪ್ಪ ಅಕ್ಷರ.

*ನಿಮ್ಮ ಮನೆಯಿಂದ ಬಂದ ಊಟದ ಡಬ್ಬಿಯ ತಳದಲ್ಲಿ ಸಿಕ್ಕಿತು. ಅಕ್ಷರ ನಿಮ್ಮದೇ. ಆದರೆ ಇಷ್ಟು ವರ್ಷದಲ್ಲಿ ನೀವು ನನ್ನನ್ನು ಒಂದು ಸಲವೂ ನೀನು ಅಂದಿಲ್ಲ. ಇದು ನಿಮ್ಮದೇ ಆದರೆ ನನ್ನ ಭಾಗ್ಯ ಅಂದುಕೊಂಡು ಹೋಗುತ್ತಿದ್ದೇನೆ. ನಿಮ್ಮದಲ್ಲದಿದ್ದರೆ ನಿಮಗೆ ತಿಳಿಯಬೇಕು, ಅದಕ್ಕೆ ಇಲ್ಲಿ ಇಟ್ಟಿದ್ದೇನೆ. ಬಾಯ್ಲರಿಗೆ ಇನ್ನೂ ಆಸಿಡ್ ಬಿಟ್ಟಿಲ್ಲ. ಅದಕ್ಕೆ ಬೇರೆ ಔಷಧಿ ತರಿಸಬೇಕು, ಅಲ್ಲಿಯವರೆಗೆ ಬೆಂಕಿ ಹಾಕಬೇಡಿ ಅಂತ ಚೀಫ್‌ಗೆ ಹೇಳಿದ್ದೇನೆ.*

ಎರಡು ಸಲ ಓದಿದೆ. ಮೊದಲ ಸಲ ನೀರು ಪರೀಕ್ಷೆ ಮಾಡುವವಳಾಗಿ: ಮೇಸ್ತ್ರಿ ತಪ್ಪು ಮಾಡಿಲ್ಲ, ಅದಕ್ಕೆ ಅವರ ಕೈಬರಹವೇ ಸಾಕ್ಷಿ. ಎರಡನೆಯ ಸಲ ಯಾರಾಗಿ ಓದಿದೆನೋ ಹೇಳಲು ನಾಚಿಕೆ. *ನನ್ನ ಭಾಗ್ಯ.* ಒಂದು ಏಕವಚನಕ್ಕೆ ಆ ಮನುಷ್ಯ ಅನುಮಾನವನ್ನು ಕೊಳವೆಯೊಳಗಿಟ್ಟು ಬಿರಡೆ ಹಾಕಿ ನಡೆದುಹೋಗಿದ್ದರು. ನಾನು ಇಪ್ಪತ್ತೆರಡು ವರ್ಷ ಬಾಯಲ್ಲಿಟ್ಟುಕೊಂಡು ಆಡದೇ ಉಳಿದ ಮಾತನ್ನು ಯಾರೋ ನನ್ನ ಕೈಯ ಅಕ್ಷರದಲ್ಲಿ ಆಡಿ ಮುಗಿಸಿದ್ದರು.

ಮೂರನೆಯ ಸಲ ಓದಲು ಕಣ್ಣು ಕಾಣಲಿಲ್ಲ. ಹಾಳೆಯನ್ನು ಭಾವನ ಕೈಗೆ ಕೊಟ್ಟೆ.

ಅವರು ಓದಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ಇದನ್ನ ನೀನು ಬರೆದಿಲ್ವಾ?"

"ಇಲ್ಲ."

"ನಿನ್ನ ಅಕ್ಷರ."

"ನಾನು ಬರೆದಿಲ್ಲ, ಭಾವ."

"ಹಾಗಾದ್ರೆ ಬುಧವಾರ ಪಂಪ್‌ಹೌಸಿಗೆ ಹೋದೋಳು ಯಾರು?" ಸ್ಟೂಲು ಹಿಂದಕ್ಕೆ ಬಿತ್ತು. "ನಾನು ಕಣ್ಣಾರೆ ನೋಡಿದೆ. ಮಹಡಿ ಕಿಟಕಿಯಿಂದ. ನಿನ್ನ ಬೂದು ಶಾಲು, ತಲೆ ಮೇಲೆ ಹೊದ್ದಿದ್ದೆ. ಮುಂದೆ ನೀನು, ಹಿಂದೆ ಅವನು. ಇಬ್ಬರೂ ಒಳಗೆ ಹೋದ್ರಿ. ಅರ್ಧ ಗಂಟೆ ಆದ್ಮೇಲೆ ನೀನೊಬ್ಬಳೇ ಹೊರಗೆ ಬಂದೆ."

ಫಿಟ್ಟರಣ್ಣನ ಕೈಯಿಂದ ಇಕ್ಕಳ ಬಿತ್ತು. ಆ ಸದ್ದು ಖಾಲಿ ತೊಟ್ಟಿಗಳ ಮೇಲೆಲ್ಲ ಓಡಾಡಿತು.

"ಅವನು ಆಮೇಲೆ ಕಾಣಲಿಲ್ಲ," ಭಾವ ಹೇಳುತ್ತಲೇ ಇದ್ದರು. "ನಾನು ಏನು ಅಂದ್ಕೋಬೇಕು? ನೀನು ಸಂಜೆ ಮನೇಲಿ ಏನೂ ಆಗದ ಹಾಗೆ ಗಂಜಿ ಕಾಸ್ತಿದ್ದೆ. ಮೇಸ್ತ್ರಿ ಬುಧವಾರವೇ ಕಾಣೆ ಅಂತ ಗೊತ್ತಾದ್ರೆ ಬುಧವಾರ ಏನಾಯ್ತು ಅಂತ ಕೇಳ್ತಾರೆ. ಅದಕ್ಕೇ ಗುರುವಾರವೂ ಅವನು ಕೆಲಸ ಮಾಡಿದ ಅಂತ ದಾಖಲೆ ಮಾಡಿದೆ. ಅದಕ್ಕೇ ಎಲ್ಲರಿಗೂ ರಜೆ ಕೊಟ್ಟೆ. ಬೆಂಕಿ ಹಾಕಿಸಿದ್ದು ನನ್ನ ಪಾಪ, ಅದನ್ನ ನಾನೇ ಹೊರ್ತೀನಿ. ಆದ್ರೆ ಆ ಸುಳ್ಳು ಬರೆದದ್ದು ನಿನಗೋಸ್ಕರ ಕಣಮ್ಮಾ. ನಿನ್ನ ಅಕ್ಕನಿಗೆ ಇರೋಳು ನೀನೊಬ್ಬಳೇ ತಂಗಿ."

ಹದಿನೆಂಟು ದಿನ ಈ ಮನುಷ್ಯ ನನ್ನ ಎದುರು ಕೂತು ಊಟ ಮಾಡಿದ್ದರು, ನಾನು ಕೊಲೆ ಮಾಡಿದವಳು ಎಂದುಕೊಂಡು, ಇನ್ನೊಂದು ತುತ್ತು ಹಾಕಿಸಿಕೋ ಎಂದು ಒತ್ತಾಯ ಮಾಡುತ್ತ.

"ಪಂಪ್‌ಹೌಸ್ ಒಳಗೆ ನೋಡಿದ್ರಾ?"

"ಧೈರ್ಯ ಆಗಲಿಲ್ಲ. ಹೊರಗಿನಿಂದ ಬೀಗ ಹಾಕಿದೆ."

"ಯಾವಾಗ?"

"ನೀನು... ಅವಳು ಹೊರಗೆ ಬಂದ ತಕ್ಷಣ."

ಒಳಗೆ ಬದುಕಿದ್ದವರ ಮೇಲೂ ಬೀಗ ಬೀಳುತ್ತದೆ ಎನ್ನುವುದು ಮೂವರಿಗೂ ಒಟ್ಟಿಗೆ ಹೊಳೆದಿತ್ತು. ಫಿಟ್ಟರಣ್ಣ ಕೈ ಚಾಚಿದ. ಭಾವ ಜೇಬಿನಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿ ಇಟ್ಟರು. ಅವನು ಟೋಪಿ ಹಾಕಿಕೊಳ್ಳದೆ ಹಿಂಬಾಗಿಲಿನಿಂದ ಓಡಿದ. ಅರವತ್ತಕ್ಕೆ ಹತ್ತಿರವಾದ ಮಂಡಿಗಳು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ.

ನನ್ನ ಕಾಲೂ ಅತ್ತ ಹೊರಟಿತ್ತು. ಭಾವ ತಡೆದರು.

"ನೀನು ಆ ಹೊತ್ತಲ್ಲಿ ಎಲ್ಲಿದ್ದೆ? ನಿಜ ಹೇಳು."

"ಔಷಧಿ ಅಂಗಡಿಯ ಸಾಲಲ್ಲಿ. ಎರಡು ಬಸ್ಸು ಬದಲಾಯಿಸಿ ಹೋಗಿ ಆರು ಗಂಟೆಗೆ ಬಂದೆ. ಇಲ್ಲಿಯ ಅಂಗಡಿಯದು ಒಗ್ಗಲ್ಲ, ಅಲ್ಲಿಂದಲೇ ತಾ ಅಂತ ಅಕ್ಕ ಹಟ ಮಾಡಿದ್ಲು."

ಹೇಳಿದ ಮೇಲೆ ನನ್ನ ಮಾತನ್ನು ನಾನೇ ಕೇಳಿಸಿಕೊಂಡೆ.

ಅಮ್ಮ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನಾಲ್ಕು. ಬಳಪ ಹಿಡಿದ ನನ್ನ ಕೈಯನ್ನು ತನ್ನ ಕೈಯೊಳಗೆ ಹಿಡಿದು ತಿದ್ದಿಸಿದವಳು ಅವಳು. ‘ಕ’ದ ತಲೆಕಟ್ಟು ಸ್ವಲ್ಪ ಎಡಕ್ಕೆ ವಾಲುವುದು, ‘ಳ’ದ ಬಾಲ ಉದ್ದವಾಗುವುದು, ಎಲ್ಲ ಅವಳದೇ. ಮದುವೆಯಾದ ಮೇಲೆ ಅಕ್ಕ ಬರೆದದ್ದನ್ನು ಯಾರೂ ನೋಡಿಲ್ಲ. ಅವಳು ಬರೆಯಬೇಕಾದವರು ಯಾರೂ ಇರಲಿಲ್ಲ, ಅಥವಾ ಇಲ್ಲ ಎಂದು ನಾವು ಅಂದುಕೊಂಡಿದ್ದೆವು. ಈ ಕೈ ಯಾರದು ಎಂದು ಅವಳ ಗಂಡನಿಗೂ ಗೊತ್ತಾಗಲಿಲ್ಲ.

"ಭಾವ," ಎಂದೆ. ಮುಂದಿನದನ್ನು ಹೇಳಬೇಕಾಗಿರಲಿಲ್ಲ. ಅವರು ಹಾಳೆಯ ಕೆಂಪು ಗೆರೆಗಳ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು, ನಮ್ಮದೇ ಮನೆಯ ಯಾವುದೋ ಲೆಕ್ಕದ ಪುಸ್ತಕವನ್ನು ನೆನಪಿಸಿಕೊಳ್ಳುವವರಂತೆ.

"ಅವಳಿಗೆ ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ," ಎಂದರು. ನನಗಲ್ಲ, ತಮಗೇ.

ಆಗ ಮುಂಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ನಿಧಾನವಾದ, ಒಂದೇ ಅಳತೆಯ ಹೆಜ್ಜೆ. ತಲೆಸುತ್ತು ಇರುವವರ ಹೆಜ್ಜೆಯಲ್ಲ.

"ಎಷ್ಟು ಸಲ ಫೋನ್ ಮಾಡೋದು ನಿಮಗೆ?" ಅಕ್ಕ ತೊಟ್ಟಿಗಳ ನಡುವಿನಿಂದ ಬರುತ್ತ ಹೇಳಿದಳು. "ಗಂಟೆ ಮೂರಾಯ್ತು. ಇಬ್ಬರೂ ಊಟಕ್ಕಿಲ್ಲ. ನಾನೊಬ್ಬಳೇ ಗೋಡೆ ನೋಡ್ಕೊಂಡು ಕೂತಿರಬೇಕಾ? ಇವಳಿಲ್ಲದಿದ್ರೆ ಆ ಮನೇಲಿ ನನಗೆ ಯಾರಿದ್ದಾರೆ?"

ಬೆಳಕಿಗೆ ಬಂದಳು. ಗಂಡನ ತಪ್ಪಾಗಿ ಹಾಕಿದ ಗುಂಡಿಯನ್ನು ಮೊದಲು ನೋಡಿದಳು, ಸರಿಮಾಡಲು ಕೈಯನ್ನೂ ಎತ್ತಿದಳು. ಆಮೇಲೆ ತೆರೆದ ಎಕ್ಸ್‌ಚೇಂಜರ್. ಆಮೇಲೆ ಅವರ ಕೈಯಲ್ಲಿದ್ದ ಕಂದಿದ ಹಾಳೆ. ಎತ್ತಿದ ಕೈ ಹಾಗೇ ನಿಂತಿತು.

ನಾನು ಕಾದೆ. ಏನದು ಎಂದು ಕೇಳುತ್ತಾಳೆ. ಯಾರ ಕಾಗದ ಎಂದು ಕೇಳುತ್ತಾಳೆ. ಕೇಳಲಿ ಎಂದು ಹರಕೆ ಹೊತ್ತಂತೆ ಕಾದೆ.

ಅಕ್ಕನ ಮುಖದಲ್ಲಿ ಭಯವಿರಲಿಲ್ಲ. ಬಹಳ ದಿನ ಹುಡುಕಿ ಸುಸ್ತಾದವರ ಆಯಾಸವಿತ್ತು.

"ಎಲ್ಲಿಟ್ಟಿದ್ದ ಅವನು ಅದನ್ನ?" ಎಂದಳು.